ರಾಜಾನುಕುಂಟೆ ಸಿದ್ಧಾಂತ: ದೊಡ್ಡಬಳ್ಳಾಪುರ ಸೀಮೆಯ ಪ್ರೇಕ್ಷಕ ಮೀಮಾಂಸೆಗೊಂದು ಪ್ರವೇಶಿಕೆ

ಭರತಮುನಿ ರಸಗಳನ್ನು ಎಂಟಕ್ಕೆ ನಿಲ್ಲಿಸಿದ. ಆಮೇಲೆ ಬಂದವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ಹತ್ತನೆಯದನ್ನು ಕಂಡುಹಿಡಿದ ಕೀರ್ತಿ ದೊಡ್ಡಬಳ್ಳಾಪುರದ ಮಗ್ಗದ ನೇಕಾರನಿಗೆ ಸಲ್ಲಬೇಕು. ಆ ರಸದ ಹೆಸರು ‘ಒಂದ್ಸಲ ನೋಡ್ಬೋದು’. ಇದರ ಸ್ಥಾಯಿಭಾವ, ದುಡ್ಡು ಹೋದ ಸಂಕಟ. ವಿಭಾವ, ಪಕ್ಕದ ಮಗ್ಗದವನು ‘ಸೂಪರ್ ಐತೆ, ಹೋಗು’ ಅಂದಿದ್ದು. ಅನುಭಾವ, ಇಂಟರ್‌ವಲ್‌ನಲ್ಲಿ ಬೋಂಡಾ ಕಡಿಯುತ್ತಾ ಗಡಿಯಾರ ನೋಡುವುದು. ಸಂಚಾರಿಭಾವವು, ಹೆಸರೇ ಹೇಳುವಂತೆ, ಸಂಚಾರದಲ್ಲಿ, ಅಂದರೆ ವಾಪಸು ಬರುವ ಬಸ್ಸಿನಲ್ಲಿ ಹುಟ್ಟುತ್ತದೆ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಸಿನಿಮಾ ಶಾಸ್ತ್ರ ಓದದ ನೇಕಾರನಿಗೆ ವಿಮರ್ಶೆಯ ಅಧಿಕಾರ ಎಲ್ಲಿಂದ ಬಂತು ಎಂಬುದು ಅವರ ಆಕ್ಷೇಪ. ಒಂಬತ್ತನೇ ಶತಮಾನದಲ್ಲೇ ‘ಕವಿರಾಜಮಾರ್ಗ’ ಇದಕ್ಕೆ ಉತ್ತರ ಕೊಟ್ಟಿದೆ. ಈ ನಾಡಿನವರು ಪ್ರಯತ್ನಪಟ್ಟು ಓದದೆಯೂ ಕಾವ್ಯದಲ್ಲಿ ಪಳಗಿದವರು ಎಂದು ಅದು ಹೇಳುತ್ತದೆ. ದೊಡ್ಡಬಳ್ಳಾಪುರದವರು ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ ನೋಡದೆಯೂ ವಿಮರ್ಶೆ ಮಾಡುವಷ್ಟು ಪಳಗಿದ್ದಾರೆ.

ಪುರಾತತ್ವದ ಸಾಕ್ಷಿಯೂ ತಾಲ್ಲೂಕಿನಲ್ಲೇ ಇದೆ. ಘಾಟಿ ಕ್ಷೇತ್ರದಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ಅದೇ ಶಿಲೆಯ ಹಿಂಬದಿಯ ನರಸಿಂಹ ಪಶ್ಚಿಮಕ್ಕೆ ಮುಖ ಮಾಡಿದ್ದಾರೆ. ಹಿಂದಿನವನು ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಎದುರಿಗಿರುವುದನ್ನು ಬಿಟ್ಟು ಅದರಾಚೆಯ ಬಿಂಬಕ್ಕಾಗಿ ಕತ್ತು ಉದ್ದ ಮಾಡುವ ಅಭ್ಯಾಸ ಇಲ್ಲಿಯವರಿಗೆ ಲೂಮಿಯೇರ್ ಸಹೋದರರಿಗಿಂತ ಮುಂಚೆಯೇ ಇತ್ತೆಂದು ಸಾಧಿಸಲು ಇಷ್ಟು ಸಾಕು. ಸಾಲದೆಂದವರು ಘಾಟಿಯ ದನಗಳ ಜಾತ್ರೆಗೆ ಹೋಗಿ, ಹೋರಿಯ ಹಲ್ಲು ನೋಡಿ ಬೆಲೆ ಕಟ್ಟುವವರನ್ನು ಗಮನಿಸಬಹುದು. ಟ್ರೇಲರ್ ನೋಡುವ ಕಣ್ಣೂ ಅದೇ.

ಇನ್ನು ಸಿದ್ಧಾಂತ. ಮೆಜೆಸ್ಟಿಕ್ಕಿನಿಂದ ದೊಡ್ಡಬಳ್ಳಾಪುರಕ್ಕೆ ಸುಮಾರು 40 ಕಿಲೋಮೀಟರು. ಗಾಂಧಿನಗರದಲ್ಲಿ ಮ್ಯಾಟಿನಿ ನೋಡಿದ ನಾಲ್ವರು ಬಸ್ಸಿನ ಹಿಂದಿನ ಸೀಟು ಹಿಡಿಯುತ್ತಾರೆ. ಮೇಖ್ರಿ ಸರ್ಕಲ್ ದಾಟುವ ಮೊದಲೇ ಮಾತು ನೂಲಿನ ರೇಟಿಗೆ ತಿರುಗಿದರೆ ಆ ಚಿತ್ರ ‘ತೋಪು’. ಹೆಬ್ಬಾಳದ ತನಕ ಎಳೆದರೆ ‘ಹಾಡು ಪರವಾಗಿಲ್ಲ’. ಯಲಹಂಕ ಮುಟ್ಟಿದರೆ ಮೇಲೆ ಹೇಳಿದ ಹತ್ತನೇ ರಸ. ರಾಜಾನುಕುಂಟೆ ಮಾತ್ರ ಕಠಿಣ ಗಡಿ. ಅಲ್ಲಿಗೆ ಬೆಂಗಳೂರಿನ ಗದ್ದಲ ತಗ್ಗಿ ಮನೆ, ಮಗ್ಗ, ಸಂಘದ ಕಂತು ಒಂದೊಂದಾಗಿ ನೆನಪಿಗೆ ಬರುತ್ತವೆ. ಅದನ್ನೂ ದಾಟಿ ಮಾರಸಂದ್ರದಲ್ಲಿ ಇನ್ನೂ ಕ್ಲೈಮ್ಯಾಕ್ಸಿನ ಜಗಳ ನಡೆದಿದ್ದರೆ ಮಾತ್ರ ‘ದುಡ್ಡು ವಸೂಲಿ’.

1998ರಲ್ಲಿ ಉಪೇಂದ್ರರ ‘ಎ’ ಬಂದಾಗ ಮಾಪನವೇ ಮುರಿಯಿತು. ಕಥೆ ಹಿಂದುಮುಂದಾಗಿದ್ದರಿಂದ ವಾದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೂ ಮುಗಿಯಲಿಲ್ಲ. ಅರ್ಥವಾಗಲಿಲ್ಲವೆಂದು ಎರಡನೇ ಸಲ ಹೋದವರು, ಅರ್ಥವಾಯಿತೆಂದು ತೋರಿಸಿಕೊಳ್ಳಲು ಮೂರನೇ ಸಲ ಹೋದರು. 2006ರ ‘ಮುಂಗಾರು ಮಳೆ’ ಇನ್ನೊಂದು ತೊಡಕು ತಂದಿಟ್ಟಿತು. ಬಸ್ಸಿನಲ್ಲಿ ಯಾರೂ ಮಾತೇ ಆಡಲಿಲ್ಲ. ಇದು ಬೇಸರವೋ ದುಃಖವೋ? ಯಲಹಂಕದಲ್ಲಿ ಒಬ್ಬ ಕಿಟಕಿ ಕಡೆ ಮುಖ ಮಾಡಿ ‘ಆ ಮೊಲ ಸಾಯಬಾರದಿತ್ತು ಕಣಣ್ಣ’ ಅಂದ. ಉಳಿದ ಮೂವರು ಹೂಂಗುಟ್ಟಿದರು. ಶಾಸ್ತ್ರದಲ್ಲಿ ಇದಕ್ಕೆ ‘ಮೌನಾಧಿಕರಣ’ ಎಂದು ಹೆಸರು. 2014ರ ‘ಉಳಿದವರು ಕಂಡಂತೆ’ಯ ಮಾತು ಹೆಬ್ಬಾಳಕ್ಕೇ ನಿಂತಿತ್ತು. ಒಂದೆರಡು ವರ್ಷದ ಮೇಲೆ ಮಗ್ಗದ ಮನೆಯಲ್ಲಿ ಅದೇ ಮಾತು ಮತ್ತೆ ಎದ್ದಿತು. ನಿರಾಶೆಯೂ ಕೆಲವೊಮ್ಮೆ ಲೇಟಾಗಿ ಊರು ಸೇರುವ ಬಸ್ಸೇ ಎಂದು ಭಾಷ್ಯಕಾರರು ತಿದ್ದುಪಡಿ ಬರೆದುಕೊಂಡರು.

ನಿರಾಶರಾದವರ ವಂಶಾವಳಿಯ ಮೊದಲ ಹೆಸರು ಈ ಸೀಮೆಯದಲ್ಲ, ಚಿತ್ರದುರ್ಗದ್ದು. ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದಾಗ, ತಮ್ಮ ನಾಗರಹಾವು ಕೇರೆಹಾವಾಯಿತೆಂದು ಕಾದಂಬರಿಕಾರ ತ.ರಾ.ಸು. ಬೇಸರಪಟ್ಟ ಕಥೆ ಎಲ್ಲರಿಗೂ ಗೊತ್ತು. ಕೇರೆಯೆಂದರೂ ಕೇಳದೆ ಜನ ಹಾಲೆರೆದರು. ಅದೇ ವರ್ಷದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪೇಟೆ ಬಿಟ್ಟು ಹೊಲಕ್ಕೆ ಮರಳಿದವರಿದ್ದಾರೆಂಬ ಮಾತು ಇಂದಿಗೂ ಇದೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಹೊಲಗಳೇ ಎದ್ದು ಹೊರಟವು. ಚಕ್ಕೋತದ ತೋಟವಿದ್ದಲ್ಲಿ ಲೇಔಟಿನ ಬೋರ್ಡು ನಿಂತಿದೆ. ‘ಬಂಗಾರದ ಮನುಷ್ಯ’ದ ರಾಜೀವಪ್ಪ ಈಗ ಮರಳಿದರೆ ಸೈಟಿನ ಬ್ರೋಕರ್ ಎದುರುಗೊಳ್ಳುತ್ತಾನೆ.

ನೆಲಮಂಗಲದವರ ಅಭಿಪ್ರಾಯವನ್ನು ಈ ಪ್ರಬಂಧ ಒಂದು ವಿಷಯದಲ್ಲಿ ಪರಿಗಣಿಸುವುದಿಲ್ಲ. ನಟಿ ಲೀಲಾವತಿ ಆ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡಿದ್ದರು. ಜನರಿಗೊಂದು, ದನಕರುಗಳಿಗೊಂದು ಆಸ್ಪತ್ರೆ ಕಟ್ಟಿಸಿ 2023ರ ಡಿಸೆಂಬರ್ 8ರಂದು ತೀರಿಕೊಂಡರು. ಅವರು ತೆರೆಯ ಮೇಲೆ ಅತ್ತರೆ ಅಲ್ಲಿಯವರಿಗೆ ಚಿತ್ರಕಥೆಯ ದೋಷ ಕಾಣುವುದಿಲ್ಲ. ಊರವರ ಸಾಕ್ಷಿ ನಡೆಯದು.

ಆದರೆ ರೀಮೇಕಿನ ವಿಷಯದಲ್ಲಿ ಅವರೇ ಪ್ರಮಾಣ. ಅದೇ ತಾಲ್ಲೂಕಿನ ಶಿವಗಂಗೆಯಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂದು ನಂಬಿಕೆ. ಬೇರೆ ಭಾಷೆಯಲ್ಲಿ ಕಾಯಿಸಿ ಸೋಸಿದ್ದನ್ನು ಇಲ್ಲಿ ಮತ್ತೆ ಹಸಿಯಾಗಿಸುವ ಕಲೆಗೆ ಇದಕ್ಕಿಂತ ಒಳ್ಳೆಯ ಉಪಮೆ ಸಿಗದು. ಅಪವಾದವೂ ಉಂಟು. 1993ರ ಮಲಯಾಳಂ ‘ಮಣಿಚಿತ್ರತಾಳ್’ 2004ರಲ್ಲಿ ಪಿ. ವಾಸು ಕೈಯಲ್ಲಿ ‘ಆಪ್ತಮಿತ್ರ’ವಾಗಿ ವರ್ಷ ಓಡಿತು. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಅದರ ನಾಯಕಿ ಸೌಂದರ್ಯ ಬದುಕಿರಲಿಲ್ಲ. ಆ ಬೆಣ್ಣೆಯನ್ನು ನೆಕ್ಕಿದವರು ಯಾರೂ ಉಪಮೆ ಹುಡುಕಲಿಲ್ಲ.

ಹೊಸಕೋಟೆಯ ಶಾಖೆಯನ್ನು ಸಂಕ್ಷೇಪವಾಗಿ ಮುಗಿಸಬಹುದು. ಅಲ್ಲಿ ಭಾನುವಾರ ಬೆಳಗಿನ ಜಾವ ಬಿರಿಯಾನಿಗೆ ಕ್ಯೂ ನಿಲ್ಲುತ್ತಾರೆ. ಬೆಳಗಿನ ಜಾವದ ಅಭಿಮಾನಿ ಶೋಗೂ ಅದೇ ನಿದ್ದೆಗಣ್ಣು, ಅದೇ ನೂಕಾಟ. ವ್ಯತ್ಯಾಸವೆಂದರೆ ಬಿರಿಯಾನಿಯಲ್ಲಿ ಪೀಸು ಬಂದೇ ಬರುತ್ತದೆ.

ನಿರಾಶೆಗೆ ಬೆಲೆ ಕಟ್ಟುವ ಯತ್ನವೂ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಕೋರ್ಟೂ ಟಾಕೀಸೂ ಹಂಚಿಕೊಂಡಿರುವ ಒಂದೇ ಪದ ಮಧ್ಯಂತರ. ಗಾಂಧಿ ಕ್ಲಾಸಿನ ಬೆಂಚಿನಲ್ಲಿ ಬೆಳೆದ ಹಿರಿಯ ಪಂಡಿತರು ಈ ಲೆಕ್ಕಕ್ಕೇ ಸೇರಲಿಲ್ಲ.

ಸಿದ್ಧಾಂತಕ್ಕೆ ಈಗ ಬಂದಿರುವ ದೊಡ್ಡ ಅಡ್ಡಿ ಮೊಬೈಲು. ಬಸ್ಸೇ ಇಲ್ಲದ ಮೇಲೆ ರಾಜಾನುಕುಂಟೆ ಎಲ್ಲಿ? ನೇಕಾರನೊಬ್ಬ ಕಂಡಿಕೆ ಡಬ್ಬಕ್ಕೆ ಫೋನು ಒರಗಿಸಿ ರಾಮ್ ರೆಡ್ಡಿಯವರ ‘ತಿಥಿ’ ಹಾಕಿಕೊಂಡಿದ್ದ. ಮಂಡ್ಯದ ಹಳ್ಳಿಯಲ್ಲಿ ನಟರಲ್ಲದವರನ್ನೇ ಹಾಕಿ ತೆಗೆದು, 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಪಡೆದ ಚಿತ್ರ ಅದು. ಎರಡು ಮಗ್ಗದ ಸದ್ದಿನಲ್ಲಿ ಅವನಿಗೆ ಒಂದು ಮಾತೂ ಕೇಳುತ್ತಿರಲಿಲ್ಲ. ಗಡ್ಡಪ್ಪ ಬೀಡಿ ಸೇದುತ್ತಾ ನಡೆಯುವುದನ್ನು ನೋಡಿಕೊಂಡು, ಕಡಿದ ಎಳೆ ಗಂಟು ಹಾಕುತ್ತಿದ್ದ. ಅಷ್ಟರಲ್ಲಿ ಕರೆಂಟು ಹೋಯಿತು. ಲಾಳಿ ನಿಂತಿತು, ಫೋನು ನಿಲ್ಲಲಿಲ್ಲ. ಆ ನಿಶ್ಶಬ್ದದಲ್ಲಿ ಮೊದಲ ಸಲ ಮಾತು ಕೇಳಿಸಿತು. ಗಂಟು ಅರ್ಧಕ್ಕೆ ಬಿಟ್ಟು ಸ್ಟೂಲು ಎಳೆದು ಕೂತ, ಒಳಗಿದ್ದ ಹೆಂಡತಿಯನ್ನೂ ಕೂಗಿದ. ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು. ‘ಇವತ್ತೇ ಇಷ್ಟು ಬೇಗ ಯಾಕ್ ಬಂತೋ’ ಅಂತ ಬೈದುಕೊಳ್ಳುತ್ತಾ ಎದ್ದು ಸ್ವಿಚ್ಚು ಒತ್ತಿದ.