ಗುಂಡಿ ಮೀಮಾಂಸೆ: ಮಲಪ್ರಭಾ ಸೀಮೆಯ ಸೆಪ್ಟಿಕ್ ಟ್ಯಾಂಕುಗಳ ಒಂದು ಬಹುಶಿಸ್ತೀಯ ಅಧ್ಯಯನ

೧. ವ್ಯಾಪ್ತಿ ಮತ್ತು ಮಿತಿ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಿತ್ತಿಲು. ಆಳ ಸುಮಾರು ಆರು ಅಡಿ. ಈ ಸೀಮೆಯ ಶಾಸನ, ವೀರಗಲ್ಲು, ಕೋಟೆಗಳ ಮೇಲೆ ವಿದ್ವಾಂಸರು ಬೇಕಾದಷ್ಟು ಬೆಳಕು ಚೆಲ್ಲಿದ್ದಾರೆ. ಫರಸಿ ಕಲ್ಲಿನ ಕೆಳಗೆ ಮಾತ್ರ ಯಾರೂ ಚೆಲ್ಲಿಲ್ಲ. ಕಡ್ಡಿ ಗೀರಿ ಚೆಲ್ಲಲು ಹೋಗಲೂಬಾರದು. ಒಳಗೆ ಮೀಥೇನ್ ಇರುತ್ತದೆ.

೨. ಸೈದ್ಧಾಂತಿಕ ಚೌಕಟ್ಟು

ಸೆಪ್ಟಿಕ್ ಟ್ಯಾಂಕು ಒಂದು ತ್ರಿಸ್ತರೀಯ ಸಂಕಥನ. ಮೇಲೆ ತೇಲುವ ಜಿಡ್ಡಿನ ಕೆನೆಯನ್ನು ‘ಅಧಿಕೃತ ಪಠ್ಯ’ ಎನ್ನೋಣ. ನಡುವಿನ ನೀರು, ಪೈಪು ಸಿಕ್ಕ ಕೂಡಲೇ ಇಂಗುಗುಂಡಿಗೆ ವಲಸೆ ಹೋಗುವ ‘ಮಧ್ಯಮ ವರ್ಗ’. ತಳದ ರಾಡಿ ‘ಅಂಚಿನ ದನಿ’. ಅಲ್ಲಿ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಅನುದಾನ, ಶಾಲು, ಹಾರ ಯಾವುದನ್ನೂ ಕೇಳದೆ ಹಗಲಿರುಳು ದುಡಿಯುತ್ತವೆ. ನಾಡಿನಲ್ಲಿ ಉಳಿದಿರುವ ಪ್ರಾಮಾಣಿಕ ಸಂಶೋಧಕರೆಂದರೆ ಇವರೇ. ಇವರ ತಲೆಯ ಮೇಲೆ ನಾವು ವಾರವಾರ ಆ್ಯಸಿಡ್, ಫಿನಾಯಿಲ್ ಸುರಿದು ಕೊಂದು, ಆಮೇಲೆ ಅಂಗಡಿಯಿಂದ ಬ್ಯಾಕ್ಟೀರಿಯಾ ಪುಡಿ ತಂದು ಹಾಕುತ್ತೇವೆ. ವಿದ್ವತ್ ವಲಯದಲ್ಲಿ ಇದಕ್ಕೆ ‘ನಿರಚನೆ ಮತ್ತು ಪುನಾರಚನೆ’ ಎಂದು ಹೆಸರು.

೩. ವರ್ಗೀಕರಣ

ಲಭ್ಯ ಆಕರಗಳ ಪ್ರಕಾರ ಈ ಪ್ರದೇಶದಲ್ಲಿ ನಾಲ್ಕು ಪಂಥಗಳಿವೆ.

(ಅ) ಬೈಲಹೊಂಗಲ ಪಂಥ, ಅಥವಾ ಅನಿಂಗವಾದ. ಇಲ್ಲಿನದು ಎರೆಮಣ್ಣು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ನೀರನ್ನು ಒಳಕ್ಕೆ ಬಿಡುವುದಿಲ್ಲ. ಹೀಗಾಗಿ ಇಂಗುಗುಂಡಿ ಇಂಗಿಸುವುದಿಲ್ಲ. ಗೌಂಡಿ ತಲೆ ಕೆರೆದು ಒಂದು ಪೈಪನ್ನು ಸದ್ದಿಲ್ಲದೆ ಗಟಾರದ ಕಡೆ ತಿರುಗಿಸುತ್ತಾನೆ. ಖಾಸಗಿಯಾದದ್ದು ಸಾರ್ವಜನಿಕವಾಗುವ ಈ ಪ್ರಕ್ರಿಯೆಯೇ ‘ಪ್ರಜಾಸತ್ತಾತ್ಮಕ ವಿಕೇಂದ್ರೀಕರಣ’.

(ಆ) ಕಿತ್ತೂರು ಪಂಥ, ಅಥವಾ ಅಮರತ್ವವಾದ. ಕಿತ್ತೂರಿನ ಯುದ್ಧದಲ್ಲಿ ಬ್ರಿಟಿಷ್ ಕಲೆಕ್ಟರ್ ಠ್ಯಾಕರೆ ಬಿದ್ದ ದಿನ 1824ರ ಅಕ್ಟೋಬರ್ 23 ಎಂದು ಇಲ್ಲಿ ಮಲಗಿದವರೂ ಎದ್ದು ಹೇಳುತ್ತಾರೆ. ನಿಮ್ಮ ಟ್ಯಾಂಕು ಕಡೆಗೆ ಖಾಲಿಯಾದದ್ದು ಯಾವಾಗ ಎಂದು ಕೇಳಿ ನೋಡಿ. “ಇಪ್ಪತ್ತ ವರ್ಷ ಆತ್ರಿ, ಇನ್ನಾ ತುಂಬೇ ಇಲ್ಲ!” ಎಂದು ಎದೆಯುಬ್ಬಿಸುತ್ತಾರೆ. ಬಳಸುವ ಟ್ಯಾಂಕು ತುಂಬುವುದಿಲ್ಲವೆಂದರೆ ತಳ ಸೋರುತ್ತಿರಬೇಕು, ಇಲ್ಲವೇ ರಾಡಿ ನೀರಿನ ಜೊತೆ ಹೊರಗೆ ಹೋಗುತ್ತಿರಬೇಕು. ಹೋದದ್ದು ಯಾರ ಬೋರ್‌ವೆಲ್‌ಗೆ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

(ಇ) ಸವದತ್ತಿ ಪಂಥ, ಅಥವಾ ಅತಿಥಿವಾದ. ಟ್ಯಾಂಕಿನಲ್ಲಿ ನೀರು ಒಂದೆರಡು ದಿನವಾದರೂ ನಿಂತರೆ ಮಾತ್ರ ರಾಡಿ ತಳ ಸೇರುತ್ತದೆ. ಐದು ಜನರ ಲೆಕ್ಕಕ್ಕೆ ಕಟ್ಟಿದ ಟ್ಯಾಂಕಿಗೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಎಲ್ಲಮ್ಮನ ಜಾತ್ರೆಗೆ ಬೀಗರು, ಬೀಗರ ಬೀಗರು ಬಂದಿಳಿದರೆ ನೀರಿಗೆ ನಿಲ್ಲುವ ಪುರುಸೊತ್ತೆಲ್ಲಿ?

(ಈ) ರಾಮದುರ್ಗ ಪಂಥ. 2019ರ ಆಗಸ್ಟಿನಂತೆ ಮಲಪ್ರಭೆ ಉಕ್ಕಿದಾಗ ಹೊಳೆದಂಡೆಯ ಟ್ಯಾಂಕು ಮೇಲಿನಿಂದಲ್ಲ, ಹೊರಗಿನಿಂದ ತುಂಬುತ್ತದೆ. ಇದಕ್ಕೂ ಒಂದು ‘ವಾದ’ ಕಟ್ಟಬಹುದಿತ್ತು. ಸಾಕು, ಬಿಡಿ. ನಾಲ್ಕೂ ಪಂಥಗಳು ಕಡೆಗೆ ಮುಟ್ಟುವುದು ಒಂದೇ ಜಾಗಕ್ಕೆ. ಟ್ಯಾಂಕು ತುಂಬಿ ಕಟ್ಟಿಕೊಂಡ ದಿನ ಮನೆಯವರು ಒಬ್ಬ ಮನುಷ್ಯನನ್ನು ಹುಡುಕಿಕೊಂಡು ಹೋಗುತ್ತಾರೆ.

೪. ಕ್ಷೇತ್ರಕಾರ್ಯ

ವಿಚಾರ ಸಂಕಿರಣದಲ್ಲಿ ‘ದೇಹ ರಾಜಕಾರಣ’ ಕುರಿತು ಮುಕ್ಕಾಲು ಗಂಟೆ ಮಾತಾಡಿ ಬಂದವರ ಹಿತ್ತಿಲಿನಲ್ಲೂ ಹಗ್ಗ, ಬಕೀಟು ಹಿಡಿದು ಇಳಿಯುವ ದೇಹದ ಜಾತಿ ಯಾವುದೆಂದು ಊರಿಗೇ ಗೊತ್ತು. ಅವನಿಗೆ ಚಹಾ ಕೊಡಲು ಬೇರೆ ಲೋಟ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ತತ್ತಿಯ ಹಾಗೆ ನಾರುತ್ತದೆ. ಪ್ರಮಾಣ ಹೆಚ್ಚಿದರೆ ಮೂಗೇ ಜಡವಾಗಿ ನಾತ ತಿಳಿಯುವುದಿಲ್ಲ. ವಾಸನೆ ಹೋಯಿತೆಂದು ಇಳಿದವನು ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ತಮ್ಮನೂ ಬೀಳುತ್ತಾನೆ. ಇದಕ್ಕೆ ಯಾವ ಪರಿಭಾಷೆಯೂ ಬೇಡ.

ಇಲ್ಲಿಂದ ತೀರಾ ದೂರವೇನಲ್ಲದ ಸವಣೂರಿನಲ್ಲಿ 2010ರಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಗೆ ಮಲ ಬಳಿದುಕೊಂಡು ನಿಂತರು. ತಲೆತಲಾಂತರ ನಮ್ಮದನ್ನು ಹೊತ್ತವರು ಅದನ್ನು ನಮ್ಮ ಕಣ್ಣಿಗೆ ಹಿಡಿಯಲು ಅಷ್ಟು ಮಾಡಬೇಕಾಯಿತು. ನಾವು ಮೂಗು ಮುಚ್ಚಿಕೊಂಡು ಪತ್ರಿಕೆಯ ಪುಟ ಮಗುಚಿದೆವು.

೫. ಉಪಸಂಹಾರ

ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಂತೆ ಅಪರಾಧ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಗಟಾರ, ಗುಂಡಿಗಳಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಸಕ್ಕಿಂಗ್ ಗಾಡಿಯ ಬಾಡಿಗೆ ದುಬಾರಿ ಎಂದು ಚೌಕಾಶಿ ಮಾಡುವವರು ಈ ಲೆಕ್ಕವನ್ನೂ ನೋಡಲಿ.

ಓದುಗರೇ, ಎರಡು ಮೂರು ವರ್ಷಕ್ಕೊಮ್ಮೆ ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಹೇಳಿ ಗಾಡಿ ತರಿಸಿ. ಪ್ಲಾಸ್ಟಿಕ್, ಪ್ಯಾಡ್, ಅಡುಗೆ ಎಣ್ಣೆ ಒಳಗೆ ಹಾಕಬೇಡಿ. ಗಾಡಿ ತಡವಾದರೆ ಕಾಯಿರಿ. ನಾತ ತಾಳಿಕೊಳ್ಳಿ, ಅದು ನಿಮ್ಮದೇ. ಯಾರನ್ನೂ ಒಳಗಿಳಿಸಬೇಡಿ.