ಬ್ಯಾಂಡ್ ಕಟ್ಟುವ ಮುನ್ನ

ಕೊಡಗಿನಲ್ಲಿ ಬ್ಯಾಂಡ್ ಕಟ್ಟಲು ಹೊರಟ ಹುಡುಗರು ಮೊದಲು ಹೆಸರಿಗಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಹೆಸರು ಹಾಗಿರಲಿ, ಡ್ರಮ್ ಬಾರಿಸುವವನ ಮನೆಯಲ್ಲಿ ಜೀಪಿದೆಯೇ ನೋಡಿ. ತೋಟದ ಕೆಸರು ದಾರಿಯಲ್ಲಿ ಸ್ಪೀಕರ್ ಹೊರುವುದು ಕಲೆಯಲ್ಲ, ಕೂಲಿ.

ಅಭ್ಯಾಸ ಯಾವಾಗ? ಜುಲೈಯಲ್ಲಿ ಎಲ್ಲರೂ ಮನೆಯಲ್ಲೇ ಸಿಗುತ್ತಾರೆ, ಕರೆಂಟ್ ಸಿಗುವುದಿಲ್ಲ. ಗಿಟಾರಿನ ತಂತಿಗೆ ತುಕ್ಕು, ಚೀಲಕ್ಕೆ ಬೂಷ್ಟು. ಜನವರಿಯಲ್ಲಿ ಕರೆಂಟಿದೆ, ಗಾಯಕ ಕಾಫಿ ಕುಯ್ಲಿನಲ್ಲಿ!

ನಮ್ಮ ಹಿರಿಯರಿಗೆ ಈ ತಾಪತ್ರಯವಿರಲಿಲ್ಲ. ಕೊಡವರ ಸಾಂಪ್ರದಾಯಿಕ ಹಾಡುಗಾರಿಕೆ ಬಾಳೋಪಾಟ್‌ಗೆ ನಾಲ್ವರು ಸಾಕು, ಕೈಗೊಂದು ದುಡಿ ಎಂಬ ಪುಟ್ಟ ಚರ್ಮವಾದ್ಯ. ಇಬ್ಬರು ಹಾಡಿದ್ದನ್ನು ಉಳಿದಿಬ್ಬರು ಎತ್ತಿಕೊಳ್ಳುತ್ತಾರೆ. ಪ್ಲಗ್ಗಿಲ್ಲ, ಮುಂದೆ ನಿಲ್ಲುವವನಾರೆಂಬ ಜಗಳವೂ ಇಲ್ಲ. ದುಡಿಯ ಚರ್ಮ ಥಂಡಿಗೆ ಸಡಿಲಾದರೆ ಒಲೆಯ ಮುಂದೆ ಹಿಡಿದರಾಯಿತು. ಗಿಟಾರಿಗೆ ಆ ಚಿಕಿತ್ಸೆ ಬೇಡ. ಹಾಡಿಗೂ ಬರವಿಲ್ಲ: ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲೇ ‘ಪಟ್ಟೋಲೆ ಪಳಮೆ’ ಪುಸ್ತಕದಲ್ಲಿ ರಾಶಿ ಕೊಡವ ಹಾಡು ಅಚ್ಚು ಹಾಕಿಸಿಟ್ಟಿದ್ದಾರೆ. ಆದರೂ ನಮ್ಮ ಹುಡುಗರಿಗೆ ಬೇಕಾದದ್ದು ಇಂಗ್ಲಿಷ್ ಹಾಡೇ. ಇರಲಿ, ವಯಸ್ಸು.

ಮದುವೆಗೆ ಕರೆದರೆ ಮಾತ್ರ ವಾಲಗದವರಿಗಿಂತ ಮೊದಲು ನುಡಿಸಿ ಮುಗಿಸಿ. ವಾಲಗ ಶುರುವಾಯಿತೋ, ಅಜ್ಜಂದಿರಿಂದ ಹಿಡಿದು ನಿಮ್ಮ ಡ್ರಮ್ಮರ್‌ವರೆಗೆ ಎಲ್ಲರೂ ಕೈಯೆತ್ತಿ ಕುಣಿಯಲು ಇಳಿಯುತ್ತಾರೆ. ಅಡ್ವಾನ್ಸ್ ಮೊದಲೇ ಈಸಿಕೊಂಡಿರಿ.