ಕಿರುಬೆರಳಿನ ಅವಾಂತರ

ರಜೆಗೆಂದು ದಾಂಡೇಲಿಗೆ ಬಂದ ಮೊಮ್ಮಗಳು, "ಅಜ್ಜಾ, ನಾಳೆ ಮಂಗಟ್ಟೆ ಹಕ್ಕಿ ತೋರಿಸ್ತೀಯಲ್ಲ?" ಎಂದು ಕಿರುಬೆರಳು ಮುಂದೆ ಚಾಚಿದಳು. ನನ್ನ ಎದೆ ಧಸಕ್ಕೆಂದಿತು. ನಮ್ಮ ಕಾಲದಲ್ಲಿ ಕಿರುಬೆರಳು ಚಾಚಿದರೆ ಕಟ್ಟಿ! ಮಾತು ಬಂದ್, ಪೇರಲ ಹಣ್ಣಿನ ಪಾಲೂ ಬಂದ್. ಮತ್ತೆ ಕೂಡಬೇಕೆಂದರೆ ಎರಡು ಬೆರಳು ಜೋಡಿಸಿ ಬಟ್ಟಿ ಮಾಡಬೇಕು.

"ನಾ ಏನ್ ತಪ್ಪ ಮಾಡೇನವ್ವಾ?" ಎಂದೆ.

"ಪಿಂಕಿ ಪ್ರಾಮಿಸ್, ಅಜ್ಜಾ! ಅಷ್ಟೂ ಗೊತ್ತಿಲ್ವಾ?"

ಜಪಾನಿನಲ್ಲೂ ಮಾತು ಕೊಡುವಾಗ ಹೀಗೆ ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕುತ್ತಾರಂತೆ. ಮಾತು ತಪ್ಪಿದವರು ಸಾವಿರ ಸೂಜಿ ನುಂಗಬೇಕಂತೆ. ನಮ್ಮದು ಅಷ್ಟು ಖರ್ಚಿನ ಬಾಬತ್ತಲ್ಲ. ಗಂಟಲು ಹಿಡಿದು "ದೇವರಾಣಿ" ಅಂದರೆ ಮುಗಿಯಿತು. ನಂಬದವರಿಗೆ "ವಿದ್ಯೆ ಆಣಿ". ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಅದಕ್ಕೆ ಯಾರೂ ಒಪ್ಪುತ್ತಿರಲಿಲ್ಲ.

1955ರಲ್ಲಿ ಹುಟ್ಟಿದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೆ ಊರೂರಿನವರು ಬಂದರು; ಮಕ್ಕಳ ಜಗಳಕ್ಕೂ ಕನ್ನಡ, ಕೊಂಕಣಿ, ಮರಾಠಿ ಎಲ್ಲ ಬೇಕಾದವು. ಕಟ್ಟಿ-ಬಟ್ಟಿ ಮರಾಠಿಯವು, ಆಣೆ ನಮ್ಮದು. ಹಳಿಯಾಳದ ನನ್ನ ಅವ್ವ ಮಾತ್ರ ಯಾವ ಭಾಷೆಯ ಆಣೆಯನ್ನೂ ನಂಬದೆ, ಬೆಲ್ಲದ ಡಬ್ಬಿ ನೋಡಿ, ನನ್ನ ಬಾಯಿ ಮೂಸುತ್ತಿದ್ದಳು.

ಇರಲಿ. ಕೊಂಡಿ ಹಾಕಿದೆ. ಬೆಳಿಗ್ಗೆ ಐದಕ್ಕೆ ಏಳಬೇಕಾದವನು ಎದ್ದದ್ದು ಏಳೂವರೆಗೆ. ಮಂಗಟ್ಟೆ ಯಾವಾಗಲೋ ಹಾರಿತ್ತು. ಮೊಮ್ಮಗಳು ಬಾಗಿಲಲ್ಲಿ ನಿಂತು ಮತ್ತೆ ಕಿರುಬೆರಳು ಚಾಚಿದಳು. ಮುಖ ನೋಡಿದರೆ ಇದು ಪಿಂಕಿ ಅನಿಸಲಿಲ್ಲ. ನಾನು ಮೆಲ್ಲಗೆ ಎರಡು ಬೆರಳು ಜೋಡಿಸಿದೆ.